ಹೆಂಚಿನಲ್ಲಿ ಮೊದಲು ಓದಿದ ಊರು

ಮಂಗಳೂರಿನ ಹೆಸರನ್ನು ನಾನು ಮೊದಲು ಓದಿದ್ದು ಅಜ್ಜಿ ಮನೆಯ ಸೂರಿನಲ್ಲಿ. ಹರಿಹರದ ಹತ್ತಿರ, ತುಂಗಭದ್ರೆಯ ದಂಡೆಯ ಸಣ್ಣ ಹಳ್ಳಿ ಅದು. ಬೇಸಿಗೆ ರಜೆಯಲ್ಲಿ ಮಧ್ಯಾಹ್ನದ ಊಟ ಆದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಮಲಗುತ್ತಿದ್ದೆವು. ನನಗೆ ನಿದ್ದೆ ಬರುತ್ತಿರಲಿಲ್ಲ. ಮೇಲೆ ನೋಡುತ್ತಾ ಇರುತ್ತಿದ್ದೆ. ಪ್ರತಿ ಹೆಂಚಿನ ಒಳಮೈಯಲ್ಲೂ ಇಂಗ್ಲಿಷ್ ಅಕ್ಷರಗಳು ಉಬ್ಬಿಕೊಂಡಿದ್ದವು. ಆಗಷ್ಟೇ ಎಬಿಸಿಡಿ ಕಲಿತಿದ್ದೆ. ಎಂ, ಎ, ಎನ್, ಜಿ... ಒಂದೊಂದೇ ಅಕ್ಷರ ಕೂಡಿಸಿ ಓದಿ, 'ಮ್ಯಾಂಗಲೋರ್ ಅಂದ್ರೇನಜ್ಜಿ' ಅಂತ ಕೇಳಿದ್ದೆ. 'ಅದೊಂದು ಊರು ಕಣೇ, ಘಟ್ಟದ ಕೆಳಗಿದೆ, ಅಲ್ಲಿಂದಲೇ ಹೆಂಚು ಬರೋದು' ಅಂದಿದ್ದಳು ಅಜ್ಜಿ.

ಅದೇ ಊರಿಗೆ 2007ರ ಜೂನ್‌ನಲ್ಲಿ ಬ್ಯಾಂಕಿನ ವರ್ಗಾವಣೆ ಸಿಕ್ಕಿತು. ಮೂರು ವರ್ಷ ಇದ್ದು ವಾಪಸ್ ಹೋಗೋಣ ಅಂತ ಬಂದವಳು ಇಲ್ಲೇ ಉಳಿದೆ. ದಸರಾ ರಜೆ, ಕ್ರಿಸ್‌ಮಸ್ ರಜೆ ಬಂತೆಂದರೆ ನಮ್ಮನೆಗೆ ಘಟ್ಟದ ಮೇಲಿನ ನೆಂಟರು ಬರುತ್ತಾರೆ. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: 'ಬೀಚ್ ಎಷ್ಟು ದೂರ?'

ಬೀಚ್ ಸಂಜೆಗೆ ಇರಲಿ, ಬೆಳಿಗ್ಗೆ ಮೊದಲು ಬಂದರಿಗೆ ಹೋಗೋಣ ಅನ್ನುತ್ತೇನೆ. ಹಾಗಂದ ಕೂಡಲೇ ಮುಖ ಸ್ವಲ್ಪ ಸಣ್ಣಗಾಗುತ್ತದೆ, ನನಗೆ ಗೊತ್ತು. ಕಳೆದ ಡಿಸೆಂಬರಿನಲ್ಲಿ ತಂಗಿ, ಅವಳ ಗಂಡ, ಹತ್ತು ವರ್ಷದ ಮಗಳು ಬಂದಾಗಲೂ ಹಾಗೇ ಆಯಿತು. ಆದರೂ ಕರೆದುಕೊಂಡು ಹೋದೆ. ಈ ಊರನ್ನು ನೀರಿನ ಕಡೆಯಿಂದ ನೋಡಲು ಶುರು ಮಾಡಿದರೆ ಉಳಿದ ಜಾಗಗಳೆಲ್ಲ ಯಾಕೆ ಅಲ್ಲಲ್ಲೇ ಇವೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಬೆಳಗಿನ ಆರೂವರೆಗೆ ದಕ್ಕೆಯಲ್ಲಿದ್ದೆವು. ಮೀನುಗಾರಿಕೆಯ ಬಂದರಿಗೆ ಇಲ್ಲಿ ದಕ್ಕೆ ಅಂತಲೇ ಹೇಳುವುದು. ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಬುಟ್ಟಿಗಟ್ಟಲೆ ಬಂಗುಡೆ, ಬೂತಾಯಿ ಇಳಿಯುತ್ತಿತ್ತು. ಮಂಜುಗಡ್ಡೆ ಪುಡಿ ಮಾಡುವ ಸದ್ದು, ಹರಾಜಿನ ಕೂಗು, ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ ಎಲ್ಲ ಒಟ್ಟಿಗೆ. ತಂಗಿ ಸೆರಗು ಮೂಗಿಗೆ ಹಿಡಿದಿದ್ದಳು. ಅವಳ ಮಗಳು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಒಬ್ಬ ಅಮ್ಮ ಅವಳನ್ನು ಹತ್ತಿರ ಕರೆದು, ಕಾಣೆ ಮೀನಿನ ಬಾಯಿ ಬಿಡಿಸಿ ಹಲ್ಲು ತೋರಿಸಿದರು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಬಂದರೆ ಈ ಗಲಾಟೆ ಇರುವುದಿಲ್ಲ, ಸುಮ್ನೆ ಕಟ್ಟಿ ಹಾಕಿದ ಬೋಟುಗಳು ಮಳೆಯಲ್ಲಿ ನೆನೆಯುತ್ತಿರುತ್ತವೆ.

ದಕ್ಕೆಯಿಂದ ಸ್ವಲ್ಪ ಮುಂದೆ ಹಳೇ ಬಂದರು. ನಾನು ಎಷ್ಟು ಸಲ ಹೋದರೂ ನಿಂತು ನೋಡುವುದು ಇಲ್ಲಿನ ಮಂಜಿಗಳನ್ನು. ಮಂಜಿ ಅಂದರೆ ಹೊಟ್ಟೆ ದಪ್ಪಗಿರುವ ಮರದ ಸರಕು ಹಡಗು. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಎಲ್ಲ ಇಲ್ಲಿಂದ ಇವುಗಳಲ್ಲೇ ಹೋಗುತ್ತದೆ. ಮಳೆಗಾಲ ಕಳೆದ ಮೇಲೆ ಓಡಾಟ ಶುರು. ಅವತ್ತು ಒಂದು ಮಂಜಿಗೆ ಈರುಳ್ಳಿ ಮೂಟೆ ಏರಿಸುತ್ತಿದ್ದರು. ದಡಕ್ಕೂ ಹಡಗಿಗೂ ನಡುವೆ ಒಂದೇ ಒಂದು ಹಲಗೆ. ಮೂಟೆ ಹೊತ್ತವರು ಹೆಜ್ಜೆ ಇಟ್ಟಾಗ ಹಲಗೆ ಬಗ್ಗುತ್ತದೆ, ಮತ್ತೆ ಏಳುತ್ತದೆ. ಅವರ ಮೈ ಹಲಗೆಯ ಜೊತೆಗೇ ಬಗ್ಗಿ ಏಳುತ್ತದೆ. ಅಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹಡಗಿನ ಅಡುಗೆಯವರಂತೆ. 'ಕವರತ್ತಿಗೆ' ಅಂದರು, ನಾವು ಕೇಳುವ ಮೊದಲೇ. ಕವರತ್ತಿ ಲಕ್ಷದ್ವೀಪದ ಒಂದು ದ್ವೀಪ. ತಂಗಿಯ ಗಂಡನಿಗೆ ಆಶ್ಚರ್ಯ. ಈರುಳ್ಳಿ ನಮ್ಮ ಕಡೆಯ ದಲ್ಲಾಳಿ ಮಂಡಿಯಿಂದ ಬಂದದ್ದು, ಮೂಟೆಯ ಮೇಲೆ ಗುರುತಿತ್ತು. ಘಟ್ಟ ಇಳಿದು ಬಂದು ಕಡಲು ದಾಟುತ್ತಿತ್ತು.

ಹೀಗೆ ಘಟ್ಟದ ಮೇಲಿನ ಸಾಮಾನು ಇಲ್ಲಿ ಹಡಗು ಹತ್ತುವುದು ಇವತ್ತಿನದಲ್ಲ. 1342ರ ಸುಮಾರಿಗೆ ಮೊರಾಕೊದ ಯಾತ್ರಿಕ ಇಬ್ನ್ ಬತೂತ ಈ ಊರಿಗೆ ಬಂದಿದ್ದ. ಮಂಜರೂರ್ ಅಂತ ಬರೆದಿದ್ದಾನೆ. ಪಾರಸ, ಯೆಮನ್ ಕಡೆಯ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಕಾಳುಮೆಣಸು, ಶುಂಠಿ ಬೇಕಾದಷ್ಟು ಸಿಗುತ್ತದೆ ಅಂದಿದ್ದಾನೆ. ಊರಿನ ಹೊರಗೆ ಸುಮಾರು 4,000 ಮುಸಲ್ಮಾನರು ವಾಸವಿದ್ದರು ಅನ್ನುವ ಲೆಕ್ಕವನ್ನೂ ಕೊಟ್ಟಿದ್ದಾನೆ.

ಅವನಿಗಿಂತ ಇನ್ನೂರು ವರ್ಷ ಮೊದಲು ಬಂದವನೊಬ್ಬ ನನಗೆ ಇನ್ನೂ ಹತ್ತಿರ. ಅವನ ಹೆಸರು ಅಬ್ರಹಾಂ ಬೆನ್ ಯೀಜು. ಟ್ಯುನೀಶಿಯಾದ ಮಹದಿಯಾ ಊರಿನ ಯಹೂದಿ ವ್ಯಾಪಾರಿ. 1130ರ ದಶಕದಿಂದ 1149ರ ತನಕ ಇಲ್ಲಿ ಬಾಳುವೆ ಮಾಡಿದ. ಅಶು ಅನ್ನುವ ದಾಸಿಯನ್ನು 1132ರಲ್ಲಿ ಇದೇ ಮಂಗಳೂರಿನಲ್ಲಿ ಬಿಡುಗಡೆ ಮಾಡಿ ಅವಳ ಜೊತೆ ಸಂಸಾರ ಹೂಡಿದ. ಮಕ್ಕಳಾದವು. ಮೆಣಸು, ಅಡಿಕೆ, ಕಬ್ಬಿಣವನ್ನು ಯೆಮನ್ ದೇಶದ ಏಡನ್‌ಗೆ ಕಳಿಸುತ್ತಿದ್ದ. ಇಲ್ಲಿ ಒಂದು ಹಿತ್ತಾಳೆ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್‌ನ ಗೆಳೆಯರು ಹಳೇ ಪಾತ್ರೆ, ತಾಮ್ರ ಕಳಿಸಿ, ಇಂಥಿಂಥದ್ದು ಮಾಡಿಸಿ ಕಳಿಸು ಅಂತ ಬರೆಯುತ್ತಿದ್ದರು. ಅವನಿಗೆ ಬರೆಯಲು ಕಾಗದ ಇಲ್ಲಿ ಸಿಗುತ್ತಿರಲಿಲ್ಲ, ಅದನ್ನೂ ಅವರೇ ಕಳಿಸುತ್ತಿದ್ದರು. ಇದೆಲ್ಲ ನಮಗೆ ಗೊತ್ತಾಗಿರುವುದು ಅವನ ಪತ್ರಗಳಿಂದ. ಕೈರೋದ ಹಳೇ ಯಹೂದಿ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಸಾವಿರಾರು ಚೂರು ಕಾಗದಗಳ ನಡುವೆ ಅವೂ ಸಿಕ್ಕವು. ಅವನ ಕೈಕೆಳಗೆ ಇಲ್ಲಿನ ಒಬ್ಬ ಆಳು ಇದ್ದ. ಪತ್ರದಲ್ಲಿರುವ ಅವನ ಹೆಸರಿನ ಅಕ್ಷರಗಳನ್ನು ಬೊಮ್ಮ ಅಂತ ಓದಿದವರಿದ್ದಾರೆ. ವ್ಯಾಪಾರದ ಹಣ, ಸಾಮಾನು ಹಿಡಿದು ಏಡನ್ ತನಕ ಹೋಗಿ ಬಂದವನು ಅವನು. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವಳು. ಒಂಬೈನೂರು ವರ್ಷದ ಹಿಂದೆ ಇದೇ ನೀರಿನ ಪಕ್ಕದಲ್ಲಿ ಒಬ್ಬ ಕೂತು ಅಡಿಕೆ ಲೆಕ್ಕ ಬರೆದ ಅಂತ ಓದಿದಾಗ ಮೈ ಜುಂ ಅಂದಿತ್ತು.

ಆ ಕಾಲದ ಗೋಡೆ, ಮನೆ ಯಾವುದೂ ಇಲ್ಲಿ ಈಗ ಕಾಣುವುದಿಲ್ಲ. ಬಂದರಿನ ಓಣಿಗಳಲ್ಲಿ ಈಗಿರುವುದು ಹೆಂಚಿನ ಹಳೇ ಗೋದಾಮುಗಳು, ಒಣಮೀನಿನ ಅಂಗಡಿ, ಹಗ್ಗ ಬಲೆ ಮಾರುವವರು, ಮೆಣಸಿನಕಾಯಿ ಮಂಡಿಗಳು. ಅಲ್ಲೇ ಜೀನತ್ ಬಕ್ಷ್ ಜುಮ್ಮಾ ಮಸೀದಿ ಇದೆ. ಇಸ್ಲಾಂ ಹುಟ್ಟಿದ ಶತಮಾನದಲ್ಲೇ ಅರಬ್ ವ್ಯಾಪಾರಿಗಳ ಜೊತೆ ಬಂದವರು ಕಟ್ಟಿಸಿದ್ದು ಅನ್ನುವುದು ಇಲ್ಲಿನವರ ನಂಬಿಕೆ. ಟಿಪ್ಪು ಕಾಲದಲ್ಲಿ ಜೀರ್ಣೋದ್ಧಾರ ಆಯಿತು. ಒಳಗಿನ ಮರದ ಕೆತ್ತನೆಯಲ್ಲಿ ಹೂವು, ಬಳ್ಳಿ ಎಲ್ಲ ನಮ್ಮ ಕರಾವಳಿಯ ಗುಡಿಗಳಲ್ಲಿ ಕಾಣುವ ತರಹದ್ದೇ. ಅದೇ ಕಡಲು, ಅದೇ ಮರ, ಅದೇ ಆಚಾರಿಗಳ ಕೈ ಅಲ್ವಾ. ಹೋಗುವುದಾದರೆ ನಮಾಜಿನ ಹೊತ್ತು ಬಿಟ್ಟು, ಮೊದಲೇ ಕೇಳಿಕೊಂಡು ಹೋಗಿ.

ಬಂದರಿನಿಂದ ಎದುರಿನ ಬೆಂಗ್ರೆಗೆ ದೋಣಿ ಇದೆ. ಶಾಲೆ ಮಕ್ಕಳು, ಮೀನು ಮಾರುವ ಹೆಂಗಸರು, ಸೈಕಲ್ಲು ಎಲ್ಲ ಅದರಲ್ಲೇ. ನಾವೂ ಹತ್ತಿದೆವು. ಐದೇ ನಿಮಿಷದ ದಾರಿ. ಆದರೆ ನದಿಯ ನಡುವಿನಿಂದ ನೋಡಿದಾಗಲೇ ಊರಿನ ಲೆಕ್ಕ ಅರ್ಥವಾಗುವುದು. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಫಲ್ಗುಣಿ ಬರುತ್ತವೆ. ಫಲ್ಗುಣಿಯನ್ನೇ ಗುರುಪುರ ನದಿ ಅಂತಲೂ ಕರೆಯುತ್ತಾರೆ. ಎರಡೂ ಕಡಲಿನ ಹತ್ತಿರ ಬಂದು ತಿರುಗಿ, ಒಂದನ್ನೊಂದು ಸೇರಿ, ಒಂದೇ ಬಾಯಿಂದ ಸಮುದ್ರಕ್ಕೆ ಹೋಗುತ್ತವೆ. ಆ ಬಾಯಿಗೆ ಅಳಿವೆ ಬಾಗಿಲು ಅಂತ ಹೆಸರು. ಬೆಂಗ್ರೆ ಅನ್ನುವುದು ಕಡಲಿಗೂ ನದಿಗೂ ನಡುವೆ ಮಲಗಿರುವ ಮರಳಿನ ನೆಲ. ಹೊರಗೆ ಅಲೆ ಎಷ್ಟೇ ಎದ್ದರೂ ಒಳಗಿನ ನೀರು ಶಾಂತ. ಹಡಗು ಕಟ್ಟಲು ಇದಕ್ಕಿಂತ ಒಳ್ಳೇ ಜಾಗ ಬೇಕಾ? ಅದಕ್ಕೇ ಊರು ಇಲ್ಲಿ ಹುಟ್ಟಿತು.

ಬಾಗಿಲು ಕಿರಿದು, ಮರಳು ತುಂಬುತ್ತದೆ, ದೊಡ್ಡ ಹಡಗು ಒಳಗೆ ಬರಲಾಗದು. ಹಾಗಾಗಿ ಉತ್ತರಕ್ಕೆ ಪಣಂಬೂರಿನಲ್ಲಿ ಹೊಸ ಬಂದರು ಕಟ್ಟಿದರು. 1974ರಲ್ಲಿ ಅದು ದೇಶದ ಒಂಬತ್ತನೇ ಪ್ರಮುಖ ಬಂದರು ಅನಿಸಿಕೊಂಡಿತು. ವಿದೇಶದ ಸರಕೆಲ್ಲ ಅಲ್ಲಿಗೆ ಹೋಯಿತು. ಹಳೇ ಬಂದರಿಗೆ ಉಳಿದದ್ದು ಮೀನು ಮತ್ತು ಮಂಜಿ.

ಮಧ್ಯಾಹ್ನದ ಹೊತ್ತಿಗೆ ರಥಬೀದಿ. ವೆಂಕಟರಮಣ ದೇವಸ್ಥಾನ, ಚಿನ್ನದ ಅಂಗಡಿಗಳು, ಹೂವಿನವರು. ಇಲ್ಲಿ ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಕೊಡುವುದಿಲ್ಲ. 800 ಹೂವು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟಿ ಬಾಳೆಲೆಯಲ್ಲಿ ಸುತ್ತಿ ಕೊಡುತ್ತಾರೆ. ತಂಗಿ ಒಂದು ಚೆಂಡು ತೆಗೆದುಕೊಂಡಳು. ಬೆಳಿಗ್ಗೆ ಮೀನಿನ ವಾಸನೆಗೆ ಮುಖ ತಿರುಗಿಸಿದವಳು ಸಂಜೆ ತನಕ ಅದನ್ನೇ ಮೂಸುತ್ತಾ ಇದ್ದಳು. ಊಟಕ್ಕೆ ಅವರು ಸಸ್ಯಾಹಾರಿಗಳು, ಹಾಗಾಗಿ ನೀರುದೋಸೆ, ಹಲಸಿನ ಬೀಜ ಹಾಕಿದ ಬಸಳೆ ಸಾರು. ಸಂಜೆಗೆ ಗೋಳಿಬಜೆ, ಬನ್ಸ್. ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ.

ಅಲ್ಲಿಂದ ಹಂಪನಕಟ್ಟೆ ದಾಟಿ ಗುಡ್ಡ ಹತ್ತಿದರೆ ಬಾವುಟಗುಡ್ಡೆ. ಇಂಗ್ಲಿಷಿನಲ್ಲಿ ಲೈಟ್‌ಹೌಸ್ ಹಿಲ್ ಅನ್ನುತ್ತಾರೆ. ನನಗೆ ಬಾವುಟಗುಡ್ಡೆ ಅನ್ನುವ ಹೆಸರೇ ಇಷ್ಟ, ಅದರಲ್ಲಿ ಕಥೆ ಇದೆ. 1837ರಲ್ಲಿ ಸುಳ್ಯದ ಕಡೆಯಿಂದ ರೈತರು ಕಂಪನಿ ಸರ್ಕಾರದ ವಿರುದ್ಧ ಎದ್ದು ನಡೆದುಕೊಂಡು ಮಂಗಳೂರಿಗೆ ಬಂದರು. ಏಪ್ರಿಲ್ 5ರಂದು ಈ ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿದರು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಕಲ್ಯಾಣಪ್ಪನ ಕಾಟಕಾಯಿ, ಅಂದರೆ ಕಲ್ಯಾಣಪ್ಪನ ಹೆಸರಿನಲ್ಲಿ ನಡೆದ ದಂಗೆ ಅಂತ ಹಿರಿಯರು ಇವತ್ತೂ ಹೇಳುವುದು ಇದನ್ನೇ. ಆಮೇಲೆ ಕಂಪನಿಯವರು ಹಲವರನ್ನು ಹಿಡಿದು ಗಲ್ಲಿಗೆ ಹಾಕಿದರು. ಮುಂದಾಳುಗಳಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆಯನ್ನು 2022ರಲ್ಲಿ ಇಲ್ಲಿ ನಿಲ್ಲಿಸಿದ್ದಾರೆ. ಇಷ್ಟು ದೊಡ್ಡ ವಿಷಯ ನನ್ನ ಶಾಲೆಯ ಪುಸ್ತಕದಲ್ಲಿ ಇರಲಿಲ್ಲ. ನನ್ನ ಮಗಳಂತಹ ಈ ಮಗುವಿಗಾದರೂ ನಿಂತ ಜಾಗದಲ್ಲೇ ಗೊತ್ತಾಯಿತಲ್ಲ ಅಂತ ಸಮಾಧಾನ.

ಅದೇ ಗುಡ್ಡದ ಮೇಲೆ ಸಂತ ಅಲೋಶಿಯಸ್ ಕಾಲೇಜು. 1880ರಲ್ಲಿ ಶುರುವಾದದ್ದು. ಅದರ ಪ್ರಾರ್ಥನಾ ಮಂದಿರ ಹೊರಗಿನಿಂದ ಸಾದಾ. ಒಳಗೆ ಹೋದರೆ ಗೋಡೆ, ಕಮಾನು, ಚಾವಣಿ, ಎಲ್ಲಿ ನೋಡಿದರೂ ಚಿತ್ರ. ಖಾಲಿ ಜಾಗ ಹುಡುಕಬೇಕು. ಇಟಲಿಯಿಂದ ಬಂದ ಆಂತೋನಿಯೊ ಮೊಸ್ಕೇನಿ ಅನ್ನುವ ಜೆಸ್ಯೂಟ್ ಬ್ರದರ್ 1899ರಿಂದ ಸುಮಾರು ಎರಡು ವರ್ಷ ಕೂತು ಬರೆದದ್ದು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು. ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು, ಗಾರೆಯ ಜೊತೆಗೇ ಬಣ್ಣ ಗಟ್ಟಿಯಾಗುತ್ತದೆ. ತಪ್ಪಾದರೆ ಅಳಿಸುವ ಹಾಗಿಲ್ಲ, ಕಿತ್ತು ಮತ್ತೆ ಗಾರೆ ಹಾಕಬೇಕು. ಚಾವಣಿಯವು ಕ್ಯಾನ್ವಾಸ್ ಬಟ್ಟೆಯ ಮೇಲೆ ಎಣ್ಣೆ ಬಣ್ಣ.

ಇಲ್ಲಿ ಅವಸರ ಮಾಡಬೇಡಿ. ಬೆಂಚಿನ ಮೇಲೆ ಕೂತು ತಲೆ ಹಿಂದಕ್ಕೆ ಹಾಕಿ. ಮೊದಲ ಹತ್ತು ನಿಮಿಷ ಎಲ್ಲ ಒಟ್ಟಿಗೆ ಕಂಡು ಗೊಂದಲವಾಗುತ್ತದೆ. ಆಮೇಲೆ ಒಂದೊಂದೇ ಬೇರೆಯಾಗುತ್ತದೆ. ಕೆಲವು ಕಂಬ, ಅಲಂಕಾರದ ಪಟ್ಟಿಗಳು ಕೆತ್ತಿದ್ದೋ ಬರೆದದ್ದೋ ಅಂತ ಹೇಳಲಾಗುವುದಿಲ್ಲ. ಪುಟ್ಟಿ ನನ್ನನ್ನು ಕೇಳಿದಳು, 'ದೊಡ್ಡಮ್ಮ, ಅದು ನಿಜವಾದ ನೆರಳಾ?' ನಾನು ಮತ್ತೆ ನೋಡಿದೆ. ನೆರಳೂ ಬಣ್ಣದ್ದೇ. ಬೆಳಕು ಯಾವ ಕಡೆಯಿಂದ ಬರುತ್ತದೆ ಅಂತ ಲೆಕ್ಕ ಹಾಕಿ ನೆರಳು ಹಚ್ಚಿದ್ದಾರೆ. ಇಷ್ಟು ವರ್ಷ ಬಂದಿದ್ದೇನೆ, ನಾನು ಅದನ್ನು ಗಮನಿಸಿರಲಿಲ್ಲ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಅದೇ ಒಳ್ಳೆಯದಾಯಿತು. ಮೊಸ್ಕೇನಿ ಊರಿಗೆ ವಾಪಸ್ ಹೋಗಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಗುಡ್ಡದ ಆಚೆ ಬಲ್ಮಠ. ನೋಡಲು ಅಂತ ಜನ ಇಲ್ಲಿಗೆ ಬರುವುದು ಕಡಿಮೆ. ಆದರೆ ಕನ್ನಡ ಓದುವವರು ಒಂದು ಗಳಿಗೆ ನಿಲ್ಲಬೇಕಾದ ಜಾಗ. ಸ್ವಿಟ್ಜರ್‌ಲೆಂಡ್‌ನ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಕಲ್ಲಚ್ಚಿನ ಮುದ್ರಣ ಶುರು ಮಾಡಿದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ. ಈಗಲೂ ನಮ್ಮಲ್ಲಿ ಪತ್ರಿಕಾ ದಿನ ಜುಲೈ 1. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಗಿದ್ದೂ ಮಂಗಳೂರಿನಲ್ಲೇ, ಇದೇ ಮಿಶನ್‌ನ ಅಚ್ಚುಕೂಟದಲ್ಲಿ. ಅಷ್ಟು ದಪ್ಪ ಪುಸ್ತಕದ ಒಂದೊಂದು ಅಕ್ಷರವನ್ನೂ ಕೈಯಲ್ಲಿ ಅಚ್ಚುಮೊಳೆ ಜೋಡಿಸಿ ಹಾಕಿದವರು ಇಲ್ಲಿನ ಕೆಲಸಗಾರರು. ಅವರ ಹೆಸರು ಪುಸ್ತಕದ ಮೇಲೆ ಇಲ್ಲ. ನಾನು ನಿಘಂಟು ತೆಗೆದಾಗಲೆಲ್ಲ ಅವರನ್ನು ನೆನೆಯುತ್ತೇನೆ.

ಎರಡನೇ ದಿನ ಬೆಳಿಗ್ಗೆ ಕದ್ರಿ. ಮಂಜುನಾಥನ ದರ್ಶನಕ್ಕೆ ಹೋದವರು ಸುತ್ತು ಬರುವಾಗ ಲೋಕೇಶ್ವರನ ಮುಂದೆ ನಿಲ್ಲದೆ ಬರಬೇಡಿ. ಕಂಚಿನ ಮೂರ್ತಿ, ಕೂತಿರುವ ಭಂಗಿ. ಮೂರು ಮುಖ, ಆರು ಕೈ. ಪೀಠದ ಮೇಲಿನ ಬರಹದ ಪ್ರಕಾರ ಆಳುಪ ರಾಜ ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ಇದನ್ನು ನಿಲ್ಲಿಸಿದ. ವಿಹಾರ ಅಂದರೆ ಬೌದ್ಧರ ನೆಲೆ. ಆಮೇಲೆ ಇಲ್ಲಿ ನಾಥ ಪಂಥದವರು ಬಂದರು, ಶಿವನ ಪೂಜೆ ನಡೆಯಿತು. ಯಾರು ಬಂದರೂ ಆ ಮೂರ್ತಿಯನ್ನು ತೆಗೆದು ಹಾಕಲಿಲ್ಲ. ಇವತ್ತೂ ಹೂವು, ದೀಪ ನಡೆಯುತ್ತಿದೆ. ಕೆಳಗಿನ ಪೀಠದಿಂದ ನಿಧಾನವಾಗಿ ಕಣ್ಣು ಮೇಲೆ ತನ್ನಿ. ಕುಚ್ಚಿನ ಹಾಗೆ ಇಳಿದ ಹಾರ, ತೋಳಿನ ಬಂದಿ, ನಡುವಿನ ಮುಖದ ಅರ್ಧ ಮುಚ್ಚಿದ ಕಣ್ಣು. ಸಾವಿರದ ಮೇಲೆ ಐವತ್ತು ವರ್ಷದ ಹಿಂದೆ ಇಷ್ಟು ದೊಡ್ಡ ಕಂಚಿನ ಕೆಲಸ. ಬೆನ್ ಯೀಜು ಬಂದು ಹಿತ್ತಾಳೆ ಕಾರ್ಖಾನೆ ಇಟ್ಟದ್ದು ಇದಾಗಿ ನೂರೈವತ್ತು ಚಿಲ್ಲರೆ ವರ್ಷಕ್ಕೆ. ಲೋಹದ ಕೆಲಸ ಬಲ್ಲ ಕೈಗಳು ಈ ಕಡೆ ಮೊದಲೇ ಇದ್ದವು, ಅದಕ್ಕೇ ಏಡನ್‌ನವರು ಹಳೇ ಪಾತ್ರೆಯನ್ನು ಕಡಲು ದಾಟಿಸಿ ಇಲ್ಲಿಗೆ ಕಳಿಸುತ್ತಿದ್ದರು ಅನ್ನುವುದು ನನ್ನ ಊಹೆ.

ಹಿಂದೆ ಗುಡ್ಡದ ಮೇಲೆ ಕೆರೆಗಳು, ಅದರಾಚೆ ಜೋಗಿ ಮಠ. ಹನ್ನೆರಡು ವರ್ಷಕ್ಕೊಮ್ಮೆ ನಾಥ ಜೋಗಿಗಳು ನಾಸಿಕದ ತ್ರ್ಯಂಬಕದಿಂದ ಇಲ್ಲಿಗೆ ನಡೆದುಕೊಂಡೇ ಬರುತ್ತಾರೆ. ಗೋಮುಖದಿಂದ ಬೀಳುವ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಮಗು ಕೈಯೊಡ್ಡಿ ನಿಂತವಳು ಅಲ್ಲಿಂದ ಬರಲು ಒಪ್ಪಲಿಲ್ಲ.

ಕುದ್ರೋಳಿ ಗೋಕರ್ಣನಾಥಕ್ಕೆ ಹೋದೆವು, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಗುಡಿ. ಗುಡಿಯೊಳಗೆ ಬಿಡದಿದ್ದ ಜನರಿಗೆ ತಮ್ಮದೇ ದೇವಸ್ಥಾನ ಅಂತ ಆದದ್ದು ಇದು. ಅದರ ಬೆಲೆ ಕಟ್ಟಡದ ಹೊಳಪಿನಿಂದ ತಿಳಿಯುವುದಿಲ್ಲ, ದಸರಾ ರಾತ್ರಿ ಇಲ್ಲಿ ಸೇರುವ ಜನರನ್ನು ನೋಡಬೇಕು. ಮಂಗಳಾದೇವಿಗೆ ಸಮಯ ಸಾಲಲಿಲ್ಲ. ಊರಿಗೆ ಹೆಸರು ಕೊಟ್ಟ ತಾಯಿ, ಮುಂದಿನ ಸಲ ಅವಳಿಂದಲೇ ಶುರು ಮಾಡಬೇಕು. ಹೆಸರು ಅಂದಾಗ ನೆನಪಾಯಿತು: ಇದೇ ಊರು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ. ಬಂದ ಹೊಸದರಲ್ಲಿ ಬಸ್ಸಿನಲ್ಲಿ ಕೂತು ಇವು ಬೇರೆ ಬೇರೆ ಊರು ಅಂದುಕೊಂಡಿದ್ದೆ.

ಸಂಜೆ ನಾಲ್ಕಕ್ಕೆ ಬೋಳೂರಿನ ಸುಲ್ತಾನ್ ಬತ್ತೇರಿ. ಕರಿ ಕಲ್ಲಿನ ಸಣ್ಣ ಕೋಟೆ, ಅಷ್ಟೇ. ದೊಡ್ಡ ಕೋಟೆ ಅಂದುಕೊಂಡು ಬಂದವರಿಗೆ ಬೇಸರ ಆಗಬಹುದು. ಆದರೆ ಮೆಟ್ಟಿಲು ಹತ್ತಿ, ತೋಪಿನ ಕಿಂಡಿಯಿಂದ ಇಣುಕಿ. ಎದುರಿಗೆ ಫಲ್ಗುಣಿ ನದಿ ಪೂರ್ತಿ ಕಾಣುತ್ತದೆ. ಅಳಿವೆಯಿಂದ ಒಳಗೆ ಬಂದ ಯಾವ ಹಡಗೂ ಈ ಕಿಂಡಿಯ ಕಣ್ಣು ತಪ್ಪಿಸಿ ಮೇಲೆ ಹೋಗಲಾರದು. ಟಿಪ್ಪು ಇದನ್ನು ಕಟ್ಟಿಸಿದ್ದು 1784ರಲ್ಲಿ. ಅದೇ ವರ್ಷ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆಗಿ, ಕಂಪನಿಯ ಜೊತೆಗಿನ ಎರಡನೇ ಮೈಸೂರು ಯುದ್ಧ ನಿಂತಿತ್ತು. ಇಲ್ಲಿನ ಕ್ರೈಸ್ತರನ್ನು ಸಾವಿರಗಟ್ಟಲೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದದ್ದೂ ಅದೇ ವರ್ಷ. ನಡುದಾರಿಯಲ್ಲೇ ಎಷ್ಟೋ ಜನ ಸತ್ತರು. ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಆ ನೆನಪು ಇವತ್ತೂ ಮಾತಿನಲ್ಲಿ ಬರುತ್ತದೆ. ಮಸೀದಿಯನ್ನು ಚೆಂದ ಮಾಡಿಸಿದವನೂ ಅವನೇ, ಈ ನೋವು ಕೊಟ್ಟವನೂ ಅವನೇ. ಎರಡನ್ನೂ ಮಕ್ಕಳಿಗೆ ಹೇಳಬೇಕು, ಒಂದನ್ನು ಬಿಟ್ಟು ಇನ್ನೊಂದು ಹೇಳಬಾರದು.

ಬತ್ತೇರಿಯ ಪಕ್ಕದಿಂದಲೇ ದೋಣಿ ಹತ್ತಿ ತಣ್ಣೀರುಬಾವಿಗೆ ದಾಟಿದೆವು. ಕೊನೆಗೂ ಬೀಚ್. ಗಾಳಿಮರಗಳ ನಡುವೆ ನಡೆದು ಮರಳಿಗೆ ಬಂದಾಗ ಸೂರ್ಯ ಇಳಿಯುತ್ತಿದ್ದ. ಹುಷಾರು, ಇಲ್ಲಿ ಅಲೆಯ ಸೆಳೆತ ಜಾಸ್ತಿ. ಮಕ್ಕಳನ್ನು ಮೊಣಕಾಲಿನ ಮೇಲೆ ನೀರಿಗೆ ಬಿಡಬೇಡಿ.

ಮರುದಿನ ಅವರು ಹೊರಡುವ ಮೊದಲು ಒಂದು ಕೆಲಸ ಉಳಿದಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದರು. ಅಲ್ಲಿ ಅಪಾರ್ಟ್‌ಮೆಂಟ್ ಬರುತ್ತದಂತೆ. ಇಳಿಸಿದ ಹೆಂಚುಗಳನ್ನು ಗೇಟಿನ ಪಕ್ಕ ಪೇರಿಸಿಟ್ಟಿದ್ದರು. ಕೆಲಸದವರನ್ನು ಕೇಳಿ ಒಂದು ಹೆಂಚು ತೆಗೆದುಕೊಂಡು ಪುಟ್ಟಿಯ ಕೈಗೆ ಕೊಟ್ಟೆ. ಭಾರಕ್ಕೆ ಕೈ ಕೆಳಗಾಯಿತು. ಎರಡು ಮೂರು ಕೆಜಿ ಇರುತ್ತದೆ. ಮೇಲ್ಮೈ ಮಳೆ ತಿಂದು ಕಪ್ಪಾಗಿತ್ತು, ಪಾಚಿಯ ಗುರುತು ಇತ್ತು. ಉದ್ದಕ್ಕೆ ಎರಡು ಕಾಲುವೆ, ನೀರು ಇಳಿಯಲು. ಒಂದು ಅಂಚಿನಲ್ಲಿ ತೋಡು, ಇನ್ನೊಂದು ಅಂಚಿನಲ್ಲಿ ಏಣು. ಪಕ್ಕದ ಹೆಂಚಿನ ತೋಡಿಗೆ ಇದರ ಏಣು ಕೂತರೆ ಒಂದು ಹನಿ ಒಳಗೆ ಬರುವುದಿಲ್ಲ. ತಿರುಗಿಸಿದರೆ ಒಳಮೈ ಇನ್ನೂ ಹೊಸದರ ಹಾಗೆ ಕೆಂಪು. ರೀಪಿಗೆ ಸಿಕ್ಕಿಸಲು ಸಣ್ಣ ಮೂಗುಗಳು. ಗಾರೆ ಬೇಡ, ಮೊಳೆ ಬೇಡ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು, ಅದಕ್ಕೆ ತಕ್ಕ ಹೆಂಚು.

ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ನೇತ್ರಾವತಿ ದಂಡೆಯಲ್ಲಿ ಮೊದಲ ಕಾರ್ಖಾನೆ ಹಾಕಿದ್ದು 1865ರಲ್ಲಿ. ಎರಡೂ ನದಿಗಳ ದಂಡೆಯಲ್ಲಿ ಒಳ್ಳೇ ಆವೆಮಣ್ಣು ಇತ್ತು. ಸುಡಲು ಸೌದೆ ಮೇಲಿನ ಕಾಡಿನಿಂದ ನದಿಯಲ್ಲೇ ಬರುತ್ತಿತ್ತು. ಸಾಗಿಸಲು ಬಂದರು ಪಕ್ಕದಲ್ಲೇ. ಆಮೇಲೆ ಊರವರೂ ಕಾರ್ಖಾನೆ ಹಾಕಿದರು, ಹೆಂಚು ಕಡಲಾಚೆಗೂ ಹೋಯಿತು, ಘಟ್ಟದ ಮೇಲಿನ ನಮ್ಮ ಹಳ್ಳಿಗಳಿಗೂ ಬಂತು. ಈಗ ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಮುಚ್ಚಿವೆ. ಮಂಗಳೂರಿಗೆ ಬಂದರೆ ಜೆಪ್ಪು, ಬೋಳಾರದ ಒಳದಾರಿಗಳಲ್ಲಿ ಒಂದು ಗಂಟೆ ನಡೆಯಿರಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ತೆಂಗಿನ ಮರದ ಕೆಳಗೆ ಇಳಿಜಾರು ಮಾಡಿನ ಮನೆಗಳು ಇನ್ನೂ ಇವೆ. ಪ್ರತಿ ವರ್ಷ ಕೆಲವು ಕಡಿಮೆಯಾಗುತ್ತಿವೆ. ಗುಡಿ, ಚರ್ಚು, ಕೋಟೆಗೆ ಕಾಯುವವರಿದ್ದಾರೆ. ಈ ಮನೆಗಳಿಗೆ ಯಾರೂ ಇಲ್ಲ.

ಪುಟ್ಟಿ ಹೆಂಚಿನ ಮಣ್ಣನ್ನು ಫ್ರಾಕಿನ ಅಂಚಿನಿಂದ ಒರೆಸಿ, ಬೆರಳಿಟ್ಟು ಓದತೊಡಗಿದಳು. ಎಂ, ಎ, ಎನ್, ಜಿ. ನಾನು ಹೇಳಿಕೊಡಲಿಲ್ಲ. ಪೂರ್ತಿ ಓದಿ ಮುಗಿಸುವ ತನಕ ಪಕ್ಕದಲ್ಲಿ ನಿಂತಿದ್ದೆ. ತಂಗಿಯ ಗಂಡ ಬಸ್ಸಿಗೆ ಹೊತ್ತಾಯಿತು ಅಂತ ಕರೆಯುತ್ತಿದ್ದರು. ಹೆಂಚನ್ನು ಹಳೇ ಟವೆಲಿನಲ್ಲಿ ಸುತ್ತಿ, ಅವಳ ಬ್ಯಾಗಿನ ತಳಕ್ಕೆ ಇಟ್ಟು ಕಳಿಸಿದೆ.